ಡಿಮ್ಯಾಂಡ್ ಅಲ್ಲ, ಕಲೆಕ್ಷನ್

ನೋಡಮ್ಮಾ, ನಗರಸಭೆಯ ಲೆಕ್ಕಪತ್ರ ಶಾಖೆಗೆ ಸೇರಿದ ಹೊಸದರಲ್ಲೇ ನೀರಿನ ದರದ ಕಡತ ನಿನ್ನ ಮೇಜಿಗೆ ಬಂತಂತೆ. ಅದೂ ರೆವಿನ್ಯೂ ಬಾಂಡ್ ಎತ್ತಿ ಮಾಡುವ ಯೋಜನೆಯದು! ಇಂಥ ಬಾಂಡಿನಲ್ಲಿ ಸಾಲ ಕೊಟ್ಟವರು ಊರಿನ ಆಸ್ತಿ ತೆರಿಗೆಗೆ ಕೈ ಹಾಕುವಂತಿಲ್ಲ, ನಲ್ಲಿಯ ದುಡ್ಡೇ ಅವರಿಗೆ ಗತಿ. ಅದಕ್ಕೇ ನಿರ್ವಹಣೆ ಖರ್ಚು ಕಳೆದ ಮೇಲೆ ಕಂತಿಗಿಂತ ಒಂದಿಷ್ಟು ಹೆಚ್ಚೇ ಉಳಿಯಬೇಕೆಂದು ಕರಾರು ಬರೆಸಿಕೊಳ್ಳುತ್ತಾರೆ. ಕಂತು ಒಂದು ಕೋಟಿಯಿದ್ದರೆ ಉಳಿಕೆ ಒಂದೂಕಾಲು ಕೋಟಿ ಇರಲಿ ಎನ್ನುವುದು ವಾಡಿಕೆ.

ಡಿಮ್ಯಾಂಡ್, ಕಲೆಕ್ಷನ್, ಬ್ಯಾಲೆನ್ಸ್ ಬರೆಯುವ ಡಿಸಿಬಿ ರಿಜಿಸ್ಟರ್ ತೆಗೆದಾಗ ಡಿಮ್ಯಾಂಡ್ ಕಾಲಂ ನೋಡಿ ಹಿಗ್ಗಬೇಡ, ಕಲೆಕ್ಷನ್ ಕಾಲಂ ನೋಡು. ಐದು ಕೋಟಿಗೆ ಬಿಲ್ ಕೊಟ್ಟು ನಾಲ್ಕು ವಸೂಲಾದರೆ ನಿನ್ನ ಆದಾಯ ನಾಲ್ಕೇ. ಪಂಪ್‌ಹೌಸಿನ ಕರೆಂಟ್ ಬಿಲ್ಲು, ಆಲಂ, ಕ್ಲೋರಿನ್, ವಾಲ್ವ್‌ಮನ್‌ಗಳ ಸಂಬಳಕ್ಕೆ ಮೂರು ಹೋಯಿತು ಅನ್ನು. ಉಳಿದ ಒಂದು ಕೋಟಿಯಲ್ಲಿ ಕಂತೇನೋ ಕಟ್ಟಬಹುದು, ಕರಾರು ಮಾತ್ರ ಮುರಿದ ಹಾಗೇ. ಇನ್ನು ಮಳೆಗಾಲದಲ್ಲಿ ಬಳಕೆ ಇಳಿಯುತ್ತದೆ, ಬಡ್ಡಿ ಇಳಿಯುವುದಿಲ್ಲ. ಹಾಗಾಗಿ ದರದಲ್ಲಿ ಒಂದು ಪಾಲು ತಿಂಗಳ ನಿಗದಿ ಶುಲ್ಕವಾಗಿರಲಿ. ಅದನ್ನೇ ಉಬ್ಬಿಸಿದೆಯೋ, ನಾಲ್ಕು ಕೊಡ ಹಿಡಿಯುವ ಮನೆಗೂ ದಿನಾ ಕಾರು ತೊಳೆಯುವ ಮನೆಗೂ ಒಂದೇ ಬರೆ ಬೀಳುತ್ತದೆ.

ದರವನ್ನು ವರ್ಷವರ್ಷ ಸ್ವಲ್ಪಸ್ವಲ್ಪ ಏರಿಸುವುದು ಲೇಸು. ಬೆಂಗಳೂರು ಜಲಮಂಡಳಿ 2014ರಲ್ಲಿ ಪರಿಷ್ಕರಿಸಿದ ದರವನ್ನು ಮತ್ತೆ ಮುಟ್ಟಿದ್ದು 2025ರಲ್ಲಿ. ಅಷ್ಟೂ ವರ್ಷ ವಿದ್ಯುತ್ ದರ ಸುಮ್ಮನೆ ಕೂತಿತ್ತೇ? ಕೊನೆಗೆ ಏರಿಸಿದಾಗ ಬೈಗುಳವೂ ಒಟ್ಟಿಗೇ ಬಂತು.

ಜನರಿಗೆ ಸಿಹಿಮಾತು ಕೊಡಲೂ ಹೋಗಬೇಡ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ 1937ರಲ್ಲಿ ತೆರೆದಾಗ ಒಂದು ಸಲ ದಾಟಲು 50 ಸೆಂಟ್ ಟೋಲ್. ಮೂರೂವರೆ ಕೋಟಿ ಡಾಲರ್ ಬಾಂಡಿನ ಅಸಲು, ಅದಕ್ಕಿಂತ ಹೆಚ್ಚಾದ ಬಡ್ಡಿ, ಎಲ್ಲವೂ ಆ ಟೋಲಿನಿಂದಲೇ 1971ಕ್ಕೆ ತೀರಿತು. ಟೋಲ್ ಇವತ್ತಿಗೂ ಇದೆ, ಹಲವು ಪಟ್ಟು ಏರಿಯೂ ಇದೆ. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣಕ್ಕೆ ಬಣ್ಣ ಬಳಿಯಬೇಕಲ್ಲ! ಅಲ್ಲಿನ ಬಸ್ಸು, ದೋಣಿಗಳಿಗೂ ಅದೇ ದುಡ್ಡು ಹೋಗುತ್ತದೆ. ನಿಮ್ಮ ಪೈಪುಗಳೂ ಸಾಲ ತೀರುವ ಹೊತ್ತಿಗೆ ಹಳೆಯವಾಗಿರುತ್ತವೆ. ಸಾಲ ಮುಗಿದರೆ ಶುಲ್ಕವೂ ಮುಗಿಯುತ್ತದೆ ಎಂದು ಯಾವ ಸದಸ್ಯರು ಭಾಷಣ ಮಾಡಿದರೂ ನೀನು ತಲೆಯಾಡಿಸಬೇಡ.

ಏರಿಕೆಯ ಪಟ್ಟಿಯನ್ನು ಬಾಂಡ್ ಮಾರುವ ಮುಂಚೆಯೇ ಸಭೆಯಲ್ಲಿಟ್ಟು ನಡಾವಳಿಗೆ ಸೇರಿಸಿಬಿಡು. ಚುನಾವಣೆ ಹತ್ತಿರ ಬಂದರೆ ಆ ಕಡತವನ್ನು ಯಾರೂ ಮುಟ್ಟುವುದಿಲ್ಲ.