ಯಾರೂ ಆಡದ ಗೇಮ್‌ಗೆ ಹತ್ತು ಆಟಗಾರರು

ವಾಡಿ ಜಂಕ್ಷನ್‌ನಲ್ಲಿ ಗಾಡಿ ಲೇಟಾದಾಗ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ಹುಡುಗರ ಕೈಯಲ್ಲಿ ಬಿಜಿಎಂಐ, ಇಲ್ಲವೇ ಫ್ರೀ ಫೈರ್. ಹಿರಿಯರ ಕೈಯಲ್ಲಿ ಲೂಡೊ. ತಪ್ಪೇನಿಲ್ಲ. ಆದರೆ ಕಂಪ್ಯೂಟರ್ ಗೇಮ್‌ಗಳ ದೊಡ್ಡ ಅಂಗಡಿಯಾದ ಸ್ಟೀಮ್ ಒಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಗೇಮ್ ಬಂದವು. ಒಬ್ಬರೋ ಇಬ್ಬರೋ ಕೂತು, ಕೈಯಿಂದ ದುಡ್ಡು ಹಾಕಿ ಮಾಡಿದವು ಅದರಲ್ಲಿ ಬೇಕಾದಷ್ಟಿವೆ. ಇಂಡೀ ಗೇಮ್ ಎಂದರೆ ಇವೇ. ಜಾಹೀರಾತಿಗೆ ಕಾಸಿಲ್ಲದ ಕಾರಣ ಅವು ತಾವಾಗಿ ನಮ್ಮ ಕಡೆಯ ಊರುಗಳ ತನಕ ಬರುವುದಿಲ್ಲ. ಹುಡುಕಿ ಹಿಡಿಯುವ, ಹಿಡಿದದ್ದನ್ನು ನಾಲ್ಕು ಜನಕ್ಕೆ ದಾಟಿಸುವ ಆಸಕ್ತಿ ಇರುವವರಿಗೆ ಈ ಸೂತ್ರಗಳು.

1. ಟಾಪ್ ಪಟ್ಟಿ ಬಿಡಿ, ಮಾಡಿದವರ ಹೆಸರು ಹಿಡಿಯಿರಿ.
ಪಟ್ಟಿಯಲ್ಲಿ ಮೇಲಿರುವುದು ಆಗಲೇ ಎಲ್ಲರಿಗೂ ಗೊತ್ತಿರುವುದು. ಒಂದು ಗೇಮ್ ಹಿಡಿಸಿತೇ? ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಡೆವಲಪರ್ ಹೆಸರನ್ನು ಒತ್ತಿ. ಅವರ ಉಳಿದ ಗೇಮ್‌ಗಳು ಸಾಲಾಗಿ ಬರುತ್ತವೆ. ಬೆಂಗಳೂರಿನ ವಿದ್ವತ್ ಮದನ್ 2014ರಲ್ಲಿ ‘ಲವ್ಲಿ ಪ್ಲಾನೆಟ್’ ತಂದರು. ಬಣ್ಣ ನೋಡಿದರೆ ಚಿಕ್ಕ ಮಕ್ಕಳಿಗೆಂದು ಮಾಡಿದ ಹಾಗಿದೆ. ಆಡಲು ಕೂತರೆ ಒಂದೇ ಏಟಿಗೆ ಸತ್ತು ಮತ್ತೆ ಮೊದಲಿನಿಂದ ಶುರು. ಬೆವರು ಬರುತ್ತದೆ. ಆ ಹೆಸರಿನ ಬೆನ್ನು ಹತ್ತಿದವರಿಗೆ 2019ರ ಎರಡನೇ ಭಾಗವೂ ಸಿಕ್ಕಿತು. ಟಾಪ್ ಪಟ್ಟಿ ನಂಬಿಕೊಂಡವರಿಗೆ ಎರಡೂ ಇಲ್ಲ.

2. ಫೋನ್ ನೋಡಿ ಗೇಮ್ ಆರಿಸಿ.
ನಮ್ಮ ಕಡೆ ಬಹಳ ಮಂದಿಯದು ಸ್ಟೋರೇಜ್ ತುಂಬಿದ ಫೋನ್, ಇಲ್ಲವೇ ಆಫೀಸಿನ ಹಳೇ ಲ್ಯಾಪ್‌ಟಾಪ್. ಅಂಥವರಿಗೆ 2013ರಲ್ಲಿ ಲೀಫ್ ಕೊರ್ಕೊರನ್ ಶುರು ಮಾಡಿದ ಇಚ್ ಡಾಟ್ ಐಒ ಒಳ್ಳೆಯ ತಾಣ. ಅಲ್ಲಿ ಬ್ರೌಸರ್‌ನಲ್ಲೇ ಆಡಬಹುದಾದ ಗೇಮ್‌ಗಳನ್ನಷ್ಟೇ ಬೇರೆಮಾಡಿ ನೋಡಬಹುದು. ಇನ್‌ಸ್ಟಾಲ್ ಮಾಡುವ ಗೊಡವೆಯಿಲ್ಲ. ಬೇಕಾದಷ್ಟು ಗೇಮ್ ಪುಕ್ಕಟೆ, ಕೆಲವಕ್ಕೆ ಮನಸ್ಸಿಗೆ ಬಂದಷ್ಟು ಕೊಡಬಹುದು. ಚಿಂಚೋಳಿಯ ಕುಂಚಾವರಂ ಕಾಡಿನ ಕಡೆಯ, ನೆಟ್‌ವರ್ಕ್ ಸಿಗದವರಿಗೆ ಹೇಳುವುದಾದರೆ ಬ್ರೌಸರ್ ಗೇಮ್ ಬೇಡ, ಇಳಿಸಿಕೊಂಡು ಆಡುವ ಗೇಮ್ ಆರಿಸಿ, ಇನ್ನೊಂದು ಕೆಲಸ ಮಾಡಿ: ಫ್ಲೈಟ್ ಮೋಡ್ ಹಾಕಿ ಅದನ್ನು ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಲಿಂಕ್ ಕಳಿಸಿ.

3. ಡೆಮೊ ಹಬ್ಬ ತಪ್ಪಿಸಬೇಡಿ.
ಸ್ಟೀಮ್ ವರ್ಷಕ್ಕೆ ಮೂರು ಸಲ ‘ನೆಕ್ಸ್ಟ್ ಫೆಸ್ಟ್’ ನಡೆಸುತ್ತದೆ. ಇನ್ನೂ ಬಿಡುಗಡೆಯಾಗದ ಗೇಮ್‌ಗಳ ಡೆಮೊ ಅಲ್ಲಿ ಪುಕ್ಕಟೆ. ಹಿಡಿಸಿದ್ದನ್ನು ವಿಶ್‌ಲಿಸ್ಟ್‌ಗೆ ಹಾಕಿ. ನಿಮಗೆ ಖರ್ಚಿಲ್ಲ, ಆ ಗೇಮ್ ಮಾಡಿದವರಿಗೆ ಆಸರೆ.

4. ಎರಡು ಗಂಟೆ ನೆನಪಿಡಿ.
ಸ್ಟೀಮ್‌ನಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್. ಕೊಳ್ಳಲು ಯುಪಿಐ ನಡೆಯುತ್ತದೆ. ಗೊತ್ತಿಲ್ಲದ ಗೇಮ್ ಕೊಳ್ಳಲು ಇದಕ್ಕಿಂತ ಧೈರ್ಯ ಬೇಕೇ?

5. ಹತ್ತು ಜನರನ್ನು ಕೂಡಿಸಿ.
ಇದೊಂದನ್ನು ಓದಿ ಉಳಿದದ್ದು ಬಿಟ್ಟರೂ ನನಗೆ ಬೇಸರವಿಲ್ಲ. ಹತ್ತು ವಿಮರ್ಶೆ ಆಗುವ ತನಕ ಸ್ಟೀಮ್ ಯಾವ ಗೇಮ್‌ಗೂ ಅಂಕ ತೋರಿಸುವುದಿಲ್ಲ. ಅಂಕವಿಲ್ಲದ ಗೇಮ್ ಕಂಡವರು ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಸ್ಟೀಮ್‌ನಲ್ಲೇ ಕೊಂಡವರ ವಿಮರ್ಶೆಯಷ್ಟೇ ಲೆಕ್ಕಕ್ಕೆ. ಗೇಮ್ ಮಾಡಿದವರು ಪುಕ್ಕಟೆ ಕೀ (ಗೇಮ್ ಪಡೆಯುವ ಸಂಕೇತ) ಹಂಚಿ ಬರೆಸಿದ್ದು ಅಂಕಕ್ಕೆ ಸೇರದು. ಅಂದರೆ ಸೇಡಂನ ಒಂದು ಕಾಲೇಜಿನ ಗೆಳೆಯರ ಗುಂಪು, ಶಹಾಬಾದ್‌ನ ಒಂದು ಓಣಿ, ಮನಸ್ಸು ಮಾಡಿದರೆ ಒಂದು ಗೇಮ್‌ನ ಪುಟಕ್ಕೆ ಅಂಕ ತರಬಲ್ಲದು. ಬೆಂಗಳೂರಿನಲ್ಲಿ ಕೂತವನ ವಿಮರ್ಶೆಗೂ ಚಿತ್ತಾಪುರದಲ್ಲಿ ಕೂತವನ ವಿಮರ್ಶೆಗೂ ಅಲ್ಲಿ ತೂಕ ಒಂದೇ. ಇಂಗ್ಲಿಷ್ ಚೆಂದ ಬರಬೇಕಂತಿಲ್ಲ, ಎರಡು ಸಾಲು ಸಾಕು. ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಬರೆಯಿರಿ. ಹತ್ತೂ ಹೊಗಳಿಕೆಯಾದರೆ ಓದುವವರು ನಂಬುವುದಿಲ್ಲ.

ತಡವಾಯಿತೆಂದು ಕೈಬಿಡಲೂ ಬೇಡಿ. ‘ಅಮಾಂಗ್ ಅಸ್’ ಬಂದದ್ದು 2018ರಲ್ಲಿ. ಎರಡು ವರ್ಷ ಹೆಚ್ಚಿನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. 2020ರಲ್ಲಿ ಕೆಲವರು ಲೈವ್‌ನಲ್ಲಿ ಆಡಿ ತೋರಿಸಿದ ಮೇಲೆ ಲೋಕವೇ ಆಡಿತು.

6. ಬರೀ ಲಿಂಕ್ ಎಸೆಯಬೇಡಿ.
ವಾಟ್ಸಾಪ್ ಗುಂಪಿನಲ್ಲಿ ಬಿದ್ದ ಬರೀ ಲಿಂಕನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ಏನು ಮಾಡಬೇಕು, ಎಷ್ಟು ಹೊತ್ತು, ಎಷ್ಟು ರೂಪಾಯಿ ಎಂದು ಹೇಳಿ. ಕತೆ ಪೂರ್ತಿ ಬಿಚ್ಚಬೇಡಿ. ಕಣ್ಣಿಗೆ ಕಟ್ಟುವ ಒಂದು ಗಳಿಗೆ ಹೇಳಿ.

2023ರ ‘ವೆಣ್ಬಾ’ವನ್ನೇ ತೆಗೆದುಕೊಳ್ಳಿ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕತೆ. 2024ರಲ್ಲಿ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿ ಪಡೆಯಿತು. ಪ್ರಶಸ್ತಿಯ ಸುದ್ದಿ ಹೇಳಿದರೆ ‘ಹೂಂ’ ಅಂದು ಸುಮ್ಮನಾಗುತ್ತಾರೆ. ಹೀಗೆ ಹೇಳಿ ನೋಡಿ: “ಅಕ್ಕಾ, ಇಡ್ಲಿ ಮಾಡೋ ಗೇಮ್ ಅದ. ಅವ್ವನ ಅಡಿಗಿ ಪುಸ್ತಕ ಹರಿದು ಹೋಗ್ಯಾದ. ಇಡ್ಲಿ ತಟ್ಟಿ ಒಂದರ ಮ್ಯಾಲ ಒಂದು ಹೆಂಗ ಇಟ್ರ ಹಬಿ ಮ್ಯಾಲ ಹೋಗ್ತದ, ನೀವೇ ಕಂಡುಹಿಡೀಬೇಕು. ಎರಡು ತಾಸಿನೊಳಗ ಮುಗೀತದ.” ಗೇಮ್ ಎಂದರೆ ಮುಖ ತಿರುಗಿಸುವ ಅಕ್ಕನೂ “ತಟ್ಟಿ ತೂತಿಗೆ ತೂತು ಎದುರಾಗಬಾರದಲ್ಲ, ಅದೇನ್ ದೊಡ್ಡ ಮಾತು?” ಎಂದು ಲ್ಯಾಪ್‌ಟಾಪ್ ಎಳೆದುಕೊಳ್ಳುತ್ತಾಳೆ.

7. ಎಲ್ಲರಿಗೂ ಒಂದೇ ಗೇಮ್ ಬೇಡ.
ಸಿಮೆಂಟ್ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವರಿಗೆ ‘ಲವ್ಲಿ ಪ್ಲಾನೆಟ್’ ಕೊಟ್ಟರೆ ಬೈಗುಳ ಖಂಡಿತ. ಅವರಿಗೆ ಬೆಂಗಳೂರಿನ ಕ್ಸಿಗ್ಮಾ ಗೇಮ್ಸ್‌ನ ‘ದ ಬಾನ್‌ಫೈರ್’ ಹೇಳಿ: ಹಗಲು ಕಟ್ಟಿಗೆ ಕಡಿ, ನಾಲ್ಕು ಜನರನ್ನು ಸೇರಿಸಿ ಊರು ಕಟ್ಟು, ರಾತ್ರಿ ತೋಳ ಬಂದಾಗ ಕಾಯಿ. ಫೋನಿನಲ್ಲೇ ನಡೆಯುತ್ತದೆ. (ಅಲ್ಲೂ ರಾತ್ರಿ ಪಾಳಿಯೇ ಎಂದು ಯಾರಾದರೂ ನಕ್ಕರೆ ನಾನು ಹೊಣೆಯಲ್ಲ.)

8. ಕದ್ದ ಕಾಪಿ ಬೇಡ, ಜೂಜಂತೂ ಬೇಡವೇ ಬೇಡ.
ಪುಣೆಯ ನಾಡಿಂಗ್ ಹೆಡ್ಸ್ ತಂಡ ತನ್ನ ‘ರಾಜಿ’ ಗೇಮ್‌ಗಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಲು ಹೊರಟು ಗುರಿ ಮುಟ್ಟಲಿಲ್ಲ. ಹಾಗೂ ಹೀಗೂ 2020ರಲ್ಲಿ ಗೇಮ್ ಹೊರಬಂದು, ಅದೇ ವರ್ಷ ದ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಗೇಮ್ ವಿಭಾಗದಲ್ಲಿ ನಾಮನಿರ್ದೇಶನ ಪಡೆಯಿತು. ಇಷ್ಟು ತಿಣುಕಿದವರ ಗೇಮನ್ನು ಪೆನ್‌ಡ್ರೈವ್‌ನಲ್ಲಿ ಹಂಚುವುದು ಯಾವ ಸೀಮೆ ಅಭಿಮಾನ? ಸೇಲ್ ಬರುವ ತನಕ ಕಾಯಿರಿ, ಅರ್ಧಕ್ಕರ್ಧ ಬೆಲೆ ಇಳಿಯುವುದುಂಟು. ಇನ್ನು ದುಡ್ಡು ಕಟ್ಟಿ ಆಡುವ ರಮ್ಮಿಯಂಥವುಗಳ ಲಿಂಕ್ ‘ಹೊಸ ಗೇಮ್’ ಹೆಸರಿನಲ್ಲಿ ಓಡಾಡುತ್ತಿರುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಅವುಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ.

9. ಪೂರ್ವಕ್ಕೂ ನೋಡಿ.
ಮಳಖೇಡ ರೋಡ್ ಸ್ಟೇಷನ್‌ನಲ್ಲಿ ಹತ್ತಿದರೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. 2017ರ ‘ಅಸುರ’ ಮಾಡಿದ ಓಗರ್ ಹೆಡ್ ಸ್ಟುಡಿಯೊ ಅಲ್ಲಿಯದೇ. ಗೇಮ್ ಮಾಡುವವರ ದೊಡ್ಡ ಸಮ್ಮೇಳನ ಐಜಿಡಿಸಿಯೂ ಎಷ್ಟೋ ವರ್ಷ ಅಲ್ಲೇ ನಡೆದಿದೆ.

10. ಕನ್ನಡ ಕೇಳಿ, ಕೇಳಿ ಸುಮ್ಮನಾಗಬೇಡಿ.
ಚಿಕ್ಕ ತಂಡಕ್ಕೆ ಮೇಲ್ ಹಾಕಿ: “ನಿಮ್ಮ ಗೇಮ್ ಕನ್ನಡಕ್ಕೆ ತರಲು ನಾನು ನೆರವಾಗುತ್ತೇನೆ.” ಮಾತು ಕಡಿಮೆ ಇರುವ ಗೇಮ್ ಆರಿಸಿಕೊಳ್ಳಿ, ಒಂದೆರಡು ನೂರು ಸಾಲನ್ನು ರಜೆಯ ಒಂದು ವಾರದಲ್ಲಿ ಮುಗಿಸಬಹುದು. ತೊಡಕಿರುವುದು ಅನುವಾದದಲ್ಲಲ್ಲ, ಅಕ್ಷರದಲ್ಲಿ. ಗೇಮ್ ಕಟ್ಟುವ ತಂತ್ರಾಂಶಗಳಾದ ಎಷ್ಟೋ ಗೇಮ್ ಎಂಜಿನ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಆದ್ದರಿಂದ ಅನುವಾದಕ್ಕೆ ಮುಂಚೆ ಒಂದೇ ಒಂದು ಪದ ಕಳಿಸಿ ಪರದೆಯ ಮೇಲೆ ಮೂಡಿಸಿ ತೋರಿಸಲು ಹೇಳಿ. ಆ ಪದ ದೂರ ಹುಡುಕಬೇಕಿಲ್ಲ. ಮಳಖೇಡದಲ್ಲಿ ಆಳಿದವರ ಹೆಸರೇ ಇದೆ: ರಾಷ್ಟ್ರಕೂಟ. ‘ಷ’ದ ಕೆಳಗೆ ‘ಟ’, ಅದರ ಪಕ್ಕದಲ್ಲಿ ‘ರ’ ಒತ್ತು ಸರಿಯಾಗಿ ಕೂತರೆ ಮುಂದಿನ ಕೆಲಸ ಸಲೀಸು. ‘ಷ್’ ಬೇರೆ, ‘ಟ್’ ಬೇರೆ, ‘ರ’ ಬೇರೆಯಾಗಿ ಚೆಲ್ಲಾಪಿಲ್ಲಿಯಾದರೆ ಗೊಡೊ ಎಂಜಿನ್‌ನ 4ನೇ ಆವೃತ್ತಿಯ ಸುದ್ದಿ ತಿಳಿಸಿ. 2023ರಲ್ಲಿ ಬಂದ ಅದು ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ. ಮೇಲ್ ಜೊತೆ ನಿಮ್ಮ ಫೋನಿನಲ್ಲಿ ಆ ಪದ ಸರಿಯಾಗಿ ಮೂಡಿದ ಸ್ಕ್ರೀನ್‌ಶಾಟ್ ಇರಲಿ. ಕನ್ನಡ ಓದಲು ಬಾರದವರೂ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಒಡೆದಿದೆ ಎಂದು ಕಂಡುಕೊಳ್ಳಬಹುದು.