ನಗದು ನೆರವಿನ ಸಮನ್ವಯ: ಲೆಬನಾನಿನ ಅನುಭವ ಕಲಿಸುವ ಪಾಠ

ಯುದ್ಧ, ಪ್ರವಾಹ, ಭೂಕಂಪಗಳಿಂದ ನಿರಾಶ್ರಿತರಾದವರಿಗೆ ಧಾನ್ಯ, ಕಂಬಳಿ, ಡೇರೆಗಳನ್ನು ಹಂಚುವುದೇ ಪರಿಹಾರಕಾರ್ಯವೆಂಬ ಭಾವನೆ ಬಹುಕಾಲ ರೂಢಿಯಲ್ಲಿತ್ತು. ಸ್ಥಳೀಯ ಮಾರುಕಟ್ಟೆ ಕುಸಿಯದೆ ನಿಂತಿರುವೆಡೆ ಹೊರಗಿನಿಂದ ಸರಕು ಸಾಗಿಸುವ ಬದಲು ಸಂತ್ರಸ್ತರಿಗೆ ಹಣವನ್ನೇ ನೀಡಿ, ಬೇಕಾದುದನ್ನು ಅಲ್ಲಿಯೇ ಕೊಳ್ಳಲು ಬಿಡುವ ಪದ್ಧತಿ ಈಗ ವ್ಯಾಪಕವಾಗಿದೆ. ಈ ಪದ್ಧತಿಯಲ್ಲಿ ಪರಿಹಾರದ ಕೊನೆಯ ಕೊಂಡಿ ವರ್ತಕನ ಅಂಗಡಿ. ಆದುದರಿಂದ ಇದು ವ್ಯಾಪಾರಿ ಸಮುದಾಯವೂ ಅರಿತಿರಬೇಕಾದ ವಿಷಯ. ಸಿರಿಯಾದ ನೆರೆರಾಷ್ಟ್ರಗಳ, ಅದರಲ್ಲಿಯೂ ಲೆಬನಾನಿನ ಅನುಭವವನ್ನು ಇಲ್ಲಿ ಪರಿಶೀಲಿಸೋಣ.

1. ಸಮನ್ವಯವಿಲ್ಲದ ನೆರವು

ಸಿರಿಯಾದಲ್ಲಿ 2011ರಲ್ಲಿ ಆರಂಭವಾದ ಸಂಘರ್ಷದಿಂದಾಗಿ ಲೆಬನಾನಿನಲ್ಲಿ ನೋಂದಾಯಿತ ನಿರಾಶ್ರಿತರ ಸಂಖ್ಯೆ 2014ರ ಏಪ್ರಿಲ್ ವೇಳೆಗೆ 10 ಲಕ್ಷವನ್ನು ಮುಟ್ಟಿತು. ಆ ವರ್ಷ ಅಲ್ಲಿ 30 ಸಂಸ್ಥೆಗಳು 14 ಬೇರೆ ಬೇರೆ ಉದ್ದೇಶಗಳಿಗಾಗಿ ನಗದು ಹಾಗೂ ಚೀಟಿಗಳನ್ನು ನೀಡುತ್ತಿದ್ದವು. ಆಹಾರಕ್ಕೊಂದು, ಚಳಿಗಾಲದ ಖರ್ಚಿಗೊಂದು, ಕಾನೂನು ನೆರವಿಗೊಂದು ಎಂಬಂತೆ ನೆರವು ಹರಿದು ಹಂಚಿಹೋಗಿತ್ತು.

ಇದರ ದೋಷವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಕುಟುಂಬದ ತಿಂಗಳ ಕನಿಷ್ಠ ವೆಚ್ಚ 100, ಸ್ವಂತ ಗಳಿಕೆ 30 ಎನ್ನೋಣ. ಕೊರತೆ 70. ಮೂರು ಸಂಸ್ಥೆಗಳು ಪರಸ್ಪರ ವಿಚಾರಿಸದೆ ಒಂದೇ ಕುಟುಂಬಕ್ಕೆ ತಲಾ 70 ನೀಡಿದರೆ ಆ ಮನೆಗೆ 210 ಸೇರುತ್ತದೆ. ಅಂತಹುದೇ ಕೊರತೆಯುಳ್ಳ ಪಕ್ಕದ ಎರಡು ಕುಟುಂಬಗಳಿಗೆ ಏನೂ ದೊರೆಯುವುದಿಲ್ಲ. ವೆಚ್ಚವಾದ ಹಣ ಅಷ್ಟೇ. ನೀಗಿದ ಕೊರತೆ ಮಾತ್ರ ಮೂರರಲ್ಲಿ ಒಂದು ಪಾಲು.

2. ಒಂದೇ ಕಾರ್ಡಿನ ಏರ್ಪಾಡು

ವಿಶ್ವ ಆಹಾರ ಕಾರ್ಯಕ್ರಮವು 2013ರಲ್ಲಿ ಲೆಬನಾನಿನ ನಿರಾಶ್ರಿತರಿಗೆ ಎಲೆಕ್ಟ್ರಾನಿಕ್ ಕಾರ್ಡು ವಿತರಿಸಲಾರಂಭಿಸಿತು. ಕರಾರು ಮಾಡಿಕೊಂಡ ಅಂಗಡಿಗಳಲ್ಲಿ ಈ ಕಾರ್ಡಿನಿಂದ ಆಹಾರ ಪದಾರ್ಥಗಳನ್ನು ಕೊಳ್ಳಬಹುದಾಗಿತ್ತು. 2016ರಲ್ಲಿ ಈ ಸಂಸ್ಥೆ, ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಯುನಿಸೆಫ್ ಹಾಗೂ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ ಸೇರಿ 'ಲೂಯಿಸ್' ಎಂಬ ಸಮಾನ ವ್ಯವಸ್ಥೆಯನ್ನು ರೂಪಿಸಿದವು. ಹಣ ನೀಡುವವರು ಹಲವರಾದರೂ ಕಾರ್ಡು ಒಂದೇ ಆಯಿತು.

ನೆರೆಯ ಜೋರ್ಡಾನ್ ಮತ್ತು ತುರ್ಕಿ ಬೇರೆ ದಾರಿ ಹಿಡಿದವು. ಜೋರ್ಡಾನಿನಲ್ಲಿ ಕಣ್ಣಿನ ಪಾಪೆಯ ಗುರುತಿನಿಂದ ಎಟಿಎಂನಲ್ಲಿ ಹಣ ಪಡೆಯುವ ಕ್ರಮ ಬಂದಿತು. ತುರ್ಕಿಯಲ್ಲಿ 2016ರ ಕೊನೆಯಲ್ಲಿ ಐರೋಪ್ಯ ಒಕ್ಕೂಟದ ಹಣದಿಂದ ಆರಂಭವಾದ ಬೃಹತ್ ಯೋಜನೆಯು ಸರ್ಕಾರದ ಸಮಾಜ ಕಲ್ಯಾಣ ವ್ಯವಸ್ಥೆಯನ್ನೂ ರೆಡ್ ಕ್ರೆಸೆಂಟ್ ಕಾರ್ಡನ್ನೂ ಆಧರಿಸಿತ್ತು. ಸಮನ್ವಯಕ್ಕೆ ಒಂದೇ ಅಚ್ಚು ಇಲ್ಲವೆಂಬುದು ಇದರಿಂದ ಸ್ಪಷ್ಟ.

3. ವರ್ತಕರ ಲಾಭ ಮತ್ತು ಅಪಾಯ

ಲೆಬನಾನಿನಲ್ಲಿ ನಗದು ನೆರವಿನ ಪ್ರತಿ ಡಾಲರು ಅಲ್ಲಿನ ಆರ್ಥಿಕತೆಗೆ 2.13 ಡಾಲರಿನಷ್ಟು ಉತ್ಪನ್ನವನ್ನು ಸೇರಿಸಿತೆಂದು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿಯು 2014ರ ತನ್ನ ಅಧ್ಯಯನದಲ್ಲಿ ಅಂದಾಜಿಸಿತು. ಆದರೆ ನೆರವನ್ನು ನಂಬಿ ಸರಕು ತುಂಬಿದ ಅಂಗಡಿಗೆ ಅಪಾಯವೂ ಉಂಟು. ತಲಾ ತಿಂಗಳಿಗೆ 27 ಡಾಲರ್ ಇದ್ದ ಆಹಾರ ನೆರವು ದೇಣಿಗೆಯ ಕೊರತೆಯಿಂದ 2015ರ ಜುಲೈ ವೇಳೆಗೆ 13.50 ಡಾಲರಿಗೆ ಇಳಿಯಿತು. ಗಿರಾಕಿ ಅದೇ, ಕೊಳ್ಳುವ ಶಕ್ತಿ ಅರ್ಧ.

ಇನ್ನೂ ಕಠಿಣ ಪರೀಕ್ಷೆ 2019ರ ಕೊನೆಯಿಂದ ಎದುರಾಯಿತು. ಡಾಲರಿಗೆ 1,507.5 ಪೌಂಡಿನಂತೆ ದೀರ್ಘಕಾಲ ಸ್ಥಿರವಾಗಿದ್ದ ಲೆಬನಾನಿನ ನಾಣ್ಯವು ಮುಕ್ತ ಮಾರುಕಟ್ಟೆಯಲ್ಲಿ ಕುಸಿಯಿತು. ಅಧಿಕೃತ ದರವನ್ನೇ 2023ರ ಫೆಬ್ರವರಿಯಲ್ಲಿ 15,000ಕ್ಕೆ ಬದಲಿಸಬೇಕಾಯಿತು. ಪೌಂಡಿನಲ್ಲಿ ನೀಡಿದ ಮೊತ್ತವನ್ನು ಬೆಲೆಗೆ ತಕ್ಕಂತೆ ಮತ್ತೆ ಮತ್ತೆ ಪರಿಷ್ಕರಿಸದಿದ್ದರೆ ಕಾರ್ಡು ಕೈಯಲ್ಲಿದ್ದೂ ಚೀಲ ತುಂಬದು. ಒಂದು ಸಂಸ್ಥೆ ಪರಿಷ್ಕರಿಸಿ ಇನ್ನೊಂದು ಸುಮ್ಮನಿದ್ದರೆ ಅನ್ಯಾಯವಾಗುತ್ತದೆ. ಹೀಗಾಗಿ ಬೆಲೆಗಳ ಸಮೀಕ್ಷೆ, ಕನಿಷ್ಠ ವೆಚ್ಚದ ಲೆಕ್ಕ, ನೆರವಿನ ಮೊತ್ತ ಈ ಮೂರನ್ನೂ ಒಟ್ಟಾಗಿ ನಿರ್ಧರಿಸುವುದೇ ಸಮನ್ವಯದ ತಿರುಳು.

4. ವರ್ತಕರು ಕೇಳಬೇಕಾದ ಪ್ರಶ್ನೆಗಳು

ಪರಿಹಾರ ಸಂಸ್ಥೆಗಳ ಅಂತರರಾಷ್ಟ್ರೀಯ ಸ್ಥಾಯಿ ಸಮಿತಿಯು 2022ರಲ್ಲಿ ಒಪ್ಪಿದ ಮಾದರಿಯಂತೆ ಈ ಹೊಣೆ ನಗದು ಕಾರ್ಯಸಮೂಹಗಳದು. ಇಂತಹ ಯೋಜನೆಯಲ್ಲಿ ಪಾಲ್ಗೊಳ್ಳುವ ವರ್ತಕರು ನಾಲ್ಕು ವಿಷಯಗಳನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಲೇಸು:

(ಅ) ಅಂಗಡಿಗೆ ಹಣ ಎಷ್ಟು ದಿನದಲ್ಲಿ ಜಮೆಯಾಗುತ್ತದೆ?
(ಆ) ಅದು ಯಾವ ನಾಣ್ಯದಲ್ಲಿ, ಯಾವ ದರದಲ್ಲಿ ದೊರೆಯುತ್ತದೆ?
(ಇ) ನೆರವು ಕಡಿತವಾದರೆ ಎಷ್ಟು ಮುಂಚಿತವಾಗಿ ಸೂಚನೆ ಸಿಗುತ್ತದೆ?
(ಈ) ಬೆಲೆಗಳನ್ನು ಯಾರು, ಎಷ್ಟು ಸಲ ಪರಿಶೀಲಿಸುತ್ತಾರೆ?

ಸಾಲ ಕೊಟ್ಟು ವ್ಯಾಪಾರ ಮಾಡಿದ ಯಾವ ವರ್ತಕನಿಗೂ ಈ ಪ್ರಶ್ನೆಗಳು ಹೊಸವಲ್ಲ. ಅವುಗಳಿಗೆ ಎಲ್ಲ ಸಂಸ್ಥೆಗಳಿಂದಲೂ ಒಂದೇ ಉತ್ತರ ದೊರೆತಾಗ ಅಂಗಡಿಯಲ್ಲಿ ಸರಕು ಉಳಿಯುತ್ತದೆ; ಸಂತ್ರಸ್ತನ ಕೈಗೆ ಬಂದ ಹಣ ಅವನ ಮನೆಯ ಅನ್ನವಾಗುತ್ತದೆ.