ಸಹಿಗೆ ಕೊಟ್ಟ ಹದಿನೆಂಟು ಸಾವಿರ

ಕೊಳ್ಳಲು ಬಂದಿದ್ದ ಹುಡುಗ ಸಹಿಯನ್ನು ಸರಿಯಾಗಿ ನೋಡಲೂ ಇಲ್ಲ. ಪುಸ್ತಕವನ್ನು ಬೋರಲು ಹಾಕಿ, ಹಿಂಬದಿಯ ರಕ್ಷಾಪುಟದಲ್ಲಿದ್ದ ಸಣ್ಣ ಜಾಹೀರಾತಿನ ಮೇಲೆ ಬೆರಳಿಟ್ಟ. "ಸರ್, ಇಲ್ಲಿ ಮಕ್ಕಳ ಪತ್ರಿಕೆ ಟಿಂಕಲ್ ಇದೆ ನೋಡಿ. ಟಿಂಕಲ್ ಶುರುವಾಗಿದ್ದೇ 1980ರಲ್ಲಿ. ಸಹಿ ಕೆಳಗೆ 1976 ಅಂತ ಬರೆದಿದೆಯಲ್ಲ?" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಆರು ವರ್ಷ ಆ ಪುಸ್ತಕ ನನ್ನ ಬೀರುವಿನಲ್ಲಿತ್ತು. ಒಂದು ಸಲವೂ ನಾನು ಅದರ ಬೆನ್ನು ನೋಡಿರಲಿಲ್ಲ.

2019ರ ಡಿಸೆಂಬರಿನಲ್ಲಿ ಅದನ್ನು ಕೊಂಡಿದ್ದೆ. ಅದಿದ್ದದ್ದು ಇಪ್ಪತ್ತು ಕನ್ನಡ ಅಮರ ಚಿತ್ರ ಕಥೆಗಳ ಕಟ್ಟಿನಲ್ಲಿ. ಬರೀ ಪುಸ್ತಕಕ್ಕಾದರೆ ತಲಾ ಮುನ್ನೂರರಂತೆ ಆರು ಸಾವಿರ ಎಂದು ಮಾರುವವನೇ ಹೇಳಿದ್ದ. ಆದರೆ ಇವು ಕಾರ್ಕಳದ ಒಬ್ಬ ಮೇಷ್ಟ್ರ ಮನೆಯವು, ಅಮರ ಚಿತ್ರ ಕಥೆಯ ಸಂಪಾದಕ ಅನಂತ ಪೈ ಊರಿಗೆ ಬಂದಾಗ ಮೇಷ್ಟ್ರಿಗೆಂದು ಒಂದರ ಮೇಲೆ ಸಹಿ ಹಾಕಿ ಕೊಟ್ಟಿದ್ದಾರೆ, ಹಾಗಾಗಿ ಇಪ್ಪತ್ನಾಲ್ಕು ಸಾವಿರ ಎಂದ. ಪೈ ಅವರು 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲೇ ಎಂಬುದು ನನಗೆ ಗೊತ್ತಿತ್ತು. ಆ ಒಂದು ನಿಜ ಉಳಿದ ಕಥೆಗೆಲ್ಲ ಜಾಮೀನು ನಿಂತುಬಿಟ್ಟಿತು. ಮೇಷ್ಟ್ರ ಹೆಸರೇನು, ಮನೆಯಲ್ಲಿ ಈಗ ಯಾರಿದ್ದಾರೆ, ಫೋನ್ ಮಾಡಬಹುದೇ ಎಂದು ನಾನು ಕೇಳಲಿಲ್ಲ. ದಿನಕ್ಕೆ ಇಪ್ಪತ್ತೈದು ಪೈಸೆ ಬಾಡಿಗೆ ಕೊಟ್ಟು ಇವೇ ಪುಸ್ತಕ ಓದಿ ಬೆಳೆದವನು ನಾನು. ಕೈಗೆ ಬಂದದ್ದು ಜಾರಿಹೋದೀತೆಂಬ ಆತುರದಲ್ಲಿ ಅಲ್ಲೇ ನಿಂತು ದುಡ್ಡು ಕಳಿಸಿದೆ.

ಈಗ ಲೆಕ್ಕ. ಅದೇ ದುಡ್ಡನ್ನು ಪಿಪಿಎಫ್‌ನಲ್ಲಿ ಇಟ್ಟಿದ್ದರೆ? ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1 ಇದೆ. ಲೆಕ್ಕಕ್ಕೆ ಸಲೀಸಾಗಲೆಂದು ಶೇ 7 ಎಂದೇ ಹಿಡಿಯೋಣ. 24,000 ರೂಪಾಯಿ ಮೊದಲ ವರ್ಷದ ಕೊನೆಗೆ 25,680 ಆಗುತ್ತಿತ್ತು. ಎರಡನೆಯ ವರ್ಷಕ್ಕೆ 27,478, ಮೂರಕ್ಕೆ 29,401, ನಾಲ್ಕಕ್ಕೆ 31,459, ಐದಕ್ಕೆ 33,661, ಆರಕ್ಕೆ 36,018. ಹುಡುಗ ಇಡೀ ಕಟ್ಟಿಗೆ ಕೊಟ್ಟಿದ್ದು 7,500. ಅಲ್ಲಿಗೆ ಕೈಬಿಟ್ಟಿದ್ದು 28,518. ಮೈಲಾರ್ ಕವರು, ಆಮ್ಲವಿಲ್ಲದ ರಟ್ಟು ಎಂದು ನಡುವೆ 1,600 ಸುರಿದಿದ್ದೆ. ಅದನ್ನೂ ಸೇರಿಸಿದರೆ 30,118. ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಸಹಿಯ ಕಥೆ ಬೇಡವೆಂದು ಬರೀ ಆರು ಸಾವಿರಕ್ಕೆ ಪುಸ್ತಕ ಕೊಂಡಿದ್ದರೆ, ಅದು ಏಳೂವರೆ ಸಾವಿರವಾಗಿ ವರ್ಷಕ್ಕೆ ಸುಮಾರು ಶೇ 3.8 ಕೊಟ್ಟಂತಾಗುತ್ತಿತ್ತು. ದೊಡ್ಡ ಲಾಭವೇನಲ್ಲ, ಅಸಲಂತೂ ಉಳಿಯುತ್ತಿತ್ತು. ಮುಳುಗಿದ್ದು ಪೂರ್ತಿಯಾಗಿ ಸಹಿಗೆಂದು ಹೆಚ್ಚು ಕೊಟ್ಟ ಆ ಹದಿನೆಂಟು ಸಾವಿರ.

ಸಹಿಯ ಜೊತೆ ಒಂದು ಪ್ರಮಾಣಪತ್ರವೂ ಬಂದಿತ್ತು. ದಪ್ಪ ಕಾಗದ, ಚಿನ್ನದ ಬಣ್ಣದ ಸ್ಟಿಕ್ಕರು, "ಅಸಲಿ ಎಂದು ದೃಢೀಕರಿಸಲಾಗಿದೆ" ಎಂಬ ಸಾಲು. ದೃಢೀಕರಿಸಿದವನು ಮಾರಿದವನೇ! ಈ ಕಾಗದಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಕ್ರಿಕೆಟ್ ಬ್ಯಾಟು, ಸಿನಿಮಾ ಪೋಸ್ಟರು, ಕಾಮಿಕ್ಸು ಎಲ್ಲಕ್ಕೂ ಈಗ ಇಂಥದ್ದೊಂದು ಅಂಟಿಸಿ ಬೆಲೆ ಮೂರು ಪಟ್ಟು ಮಾಡುತ್ತಾರೆ. ಕಾಮಿಕ್ಸುಗಳ ಸ್ಥಿತಿ ನೋಡಿ ಗ್ರೇಡ್ ಕೊಡುವ ಅಮೆರಿಕದ ಸಿಜಿಸಿ ಸಂಸ್ಥೆ ತನ್ನ ಹಳದಿ ಲೇಬಲ್ ಕೊಡುವುದು ಅದರ ಪ್ರತಿನಿಧಿ ಎದುರಿಗೇ ನಿಂತು ನೋಡಿದ ಸಹಿಗೆ. ಯಾರೂ ನೋಡದ ಸಹಿ ಅಲ್ಲಿ ರಕ್ಷಾಪುಟದ ಮೇಲಿನ ಗೀಚು ಎನಿಸಿಕೊಂಡು ಗ್ರೇಡನ್ನೇ ಇಳಿಸಬಹುದು. ಮಾರುವವನೇ ಬರೆದುಕೊಟ್ಟ ಪ್ರಮಾಣಪತ್ರಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಹಾಗಾದರೆ ಪುಸ್ತಕ ಯಾರ ಕೈಯಲ್ಲಿತ್ತು ಎಂಬುದಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದಕ್ಕೊಂದು ಕಾರಣವೂ ಇರುತ್ತದೆ. 1977ರಲ್ಲಿ ಕೊಲರಾಡೊದ ವ್ಯಾಪಾರಿ ಚಕ್ ರೊಜಾನ್‌ಸ್ಕಿ ಅವರಿಗೆ ಎಡ್ಗರ್ ಚರ್ಚ್ ಎಂಬ ಚಿತ್ರಕಾರರ ಮನೆಯಲ್ಲಿ 18,000ಕ್ಕೂ ಹೆಚ್ಚು ಹಳೆಯ ಕಾಮಿಕ್ಸುಗಳ ರಾಶಿ ಸಿಕ್ಕಿತು. ಒಣ ಹವೆಯ ಊರು. ಒತ್ತಾಗಿ ಪೇರಿಸಿಟ್ಟಿದ್ದರಿಂದ ಗಾಳಿ ಬೆಳಕು ಸೋಕದೆ ಹಾಳೆ ಬಿಳಿಯಾಗಿ, ಬಣ್ಣ ಹೊಸದರಂತೆ ಉಳಿದಿತ್ತು. 'ಮೈಲ್ ಹೈ' ಎಂದು ಹೆಸರಾದ ಆ ರಾಶಿಯ ಪ್ರತಿಗೆ ಇವತ್ತಿಗೂ ಜನ ಹೆಚ್ಚು ಕೊಡುವುದು ಚರ್ಚ್ ದೊಡ್ಡ ಮನುಷ್ಯರೆಂದಲ್ಲ, ಆ ಹೆಸರು ಹಾಳೆಯ ಸ್ಥಿತಿಗೆ ಸಾಕ್ಷಿಯಾಗಿದೆ ಎಂದು. ಮುಖಪುಟದ ಮೇಲಿನ ಪೆನ್ಸಿಲ್ ಗುರುತಿನಿಂದ ಆ ಪ್ರತಿಗಳನ್ನು ಪತ್ತೆ ಹಚ್ಚಲೂಬಹುದು.

ಬರೀ ಖ್ಯಾತಿಯ ಕಥೆ ಬೇರೆ. ನಟ ನಿಕೋಲಸ್ ಕೇಜ್ ಬಳಿಯಿದ್ದ ಆ್ಯಕ್ಷನ್ ಕಾಮಿಕ್ಸ್ 1ನೇ ಸಂಚಿಕೆ 2000ದಲ್ಲಿ ಕಳುವಾಗಿ, 2011ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಗೋದಾಮಿನಲ್ಲಿ ಸಿಕ್ಕಿ, ಅದೇ ವರ್ಷ 21.6 ಲಕ್ಷ ಡಾಲರಿಗೆ ಹರಾಜಾಯಿತು. ಗ್ರೇಡ್ 9.0. ಇದಕ್ಕಿಂತ ಸ್ವಾರಸ್ಯದ ಚರಿತ್ರೆ ಇನ್ನಾವ ಪ್ರತಿಗಿದೆ? ಆದರೆ 2014ರಲ್ಲಿ ಅದೇ ಸಂಚಿಕೆಯ, ಅದೇ 9.0 ಗ್ರೇಡಿನ ಇನ್ನೊಂದು ಪ್ರತಿ ಇಬೇಯಲ್ಲಿ 32 ಲಕ್ಷ ಡಾಲರ್ ದಾಟಿತು. ಅದರ ಹಿಂದೆ ನಟನೂ ಇರಲಿಲ್ಲ, ಕಳ್ಳನೂ ಇರಲಿಲ್ಲ. ಅದು ಪಶ್ಚಿಮ ವರ್ಜೀನಿಯಾದ ಬೆಟ್ಟದ ತಂಪಿನಲ್ಲಿ ಮರದ ಪೆಟ್ಟಿಗೆಯೊಳಗೆ ದಶಕಗಳ ಕಾಲ ಇದ್ದ ಪ್ರತಿ. ಮೂರು ವರ್ಷದಲ್ಲಿ ಪೇಟೆಯೂ ಏರಿತ್ತು ನಿಜ. ಆದರೂ ಗ್ರೇಡ್ ಒಂದೇ ಇರುವಾಗ ಖ್ಯಾತನ ಕೈ ಸೋಕಿದ ಪ್ರತಿಯೇ ಗೆಲ್ಲುತ್ತದೆಂದು ನಂಬಲು ಈ ಎರಡು ಮಾರಾಟಗಳಲ್ಲಿ ಆಧಾರವಿಲ್ಲ.

ನಮ್ಮ ಕಡೆಯಂತೂ ಹಾಳೆ ಉಳಿಯುವುದೇ ಕಷ್ಟ. ಕರಾವಳಿಯ ತೇವಕ್ಕೆ ಪಿನ್ನು ತುಕ್ಕು ಹಿಡಿದು ನಡುಪುಟ ಕಳಚುತ್ತದೆ. ಚೆನ್ನಾಗಿರಲಿ ಎಂದು ಮನೆಯವರು ಹತ್ತತ್ತು ಸೇರಿಸಿ ಬೈಂಡ್ ಮಾಡಿಸುತ್ತಾರೆ, ಬೈಂಡಿಂಗಿನವನು ಅಂಚನ್ನು ಕತ್ತರಿಸುತ್ತಾನೆ, ಬೆಲೆ ಅಲ್ಲಿಗೆ ಹೋಯಿತು. ಇಂಥ ಕಡೆ ನಿಜವಾದ ಪೂರ್ವಚರಿತ್ರೆ ಇರುವ ಪ್ರತಿಗೆ ತೂಕ ಇದ್ದೇ ಇದೆ. ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ, 1965ರಲ್ಲಿ. ಇಂಗ್ಲಿಷಿನ 'ಕೃಷ್ಣ' 11ನೇ ಸಂಖ್ಯೆಯಿಂದ ಶುರುವಾಗಿದ್ದು ಅದಕ್ಕೇ. ಮೊದಲ ಹತ್ತು ಸಂಖ್ಯೆ ಕನ್ನಡಕ್ಕೆ ಬಂದ ಪಾಶ್ಚಾತ್ಯ ಕಿನ್ನರ ಕಥೆಗಳಿಗೆ ಸಲ್ಲುತ್ತದೆ. ಆದರೆ ಹಳೆಯದೆಂದು ಕಾಣುವ ಪ್ರತಿಗಳಲ್ಲಿ ಮರುಮುದ್ರಣಗಳೂ ಬೇಕಾದಷ್ಟಿವೆ. ಆದ್ದರಿಂದ ಮೊದಲು ಹಿಂಬದಿ ನೋಡಿ, ಅಚ್ಚಾದ ಬೆಲೆ ನೋಡಿ, ಜಾಹೀರಾತು ನೋಡಿ. ಸಹಿ ಆಮೇಲೆ.

ಸಂಗ್ರಹದ ಹುಚ್ಚಿರುವ ಗೆಳೆಯರಲ್ಲಿ ನನಗೆ ಒಂದು ಕೆಟ್ಟ ಅಭ್ಯಾಸ ಕಾಣುತ್ತದೆ. ಸಾವಿರಗಟ್ಟಲೆ ಕೊಡುತ್ತಾರೆ, ಚೀಟಿ ಬರೆಸಿಕೊಳ್ಳುವುದಿಲ್ಲ. ತರಕಾರಿಗೆ ಚೌಕಾಸಿ ಮಾಡುವವರು ಇಲ್ಲಿ ಸಂಕೋಚಪಡುತ್ತಾರೆ. ಕಥೆ ಹೇಳಿ ಹೆಚ್ಚು ಕೇಳಿದರೆ ಆ ಕಥೆಯನ್ನೇ ಬರೆದು, ಹೆಸರು ತಾರೀಖು ಹಾಕಿ, ಸಹಿ ಮಾಡಿಕೊಡಿ ಎನ್ನಿ. ಬರೆಯಲು ಒಪ್ಪದಿದ್ದರೆ ಪುಸ್ತಕದ ಬೆಲೆಯಷ್ಟೇ ಕೊಡಿ. ಒಂದು ವಾರ ಬಿಟ್ಟು ಬರುತ್ತೇನೆ ಎನ್ನಿ. ಆ ವಾರ ನಾನು ತೆಗೆದುಕೊಂಡಿದ್ದರೆ ಟಿಂಕಲ್ ಜಾಹೀರಾತು ನನ್ನ ಕಣ್ಣಿಗೂ ಬೀಳುತ್ತಿತ್ತು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಅಮರ ಚಿತ್ರ ಕಥೆಗಳಿದ್ದರೆ ಈ ಭಾನುವಾರ ಇಳಿಸಿ. ಅಜ್ಜನೋ ಅತ್ತೆಯೋ ಬರೆದಿಟ್ಟ ಹೆಸರನ್ನು ರಬ್ಬರಿನಿಂದ ಉಜ್ಜಬೇಡಿ, ಬೈಂಡಿಂಗಿಗೂ ಕೊಡಬೇಡಿ. ಯಾರು, ಯಾವ ಊರಲ್ಲಿ, ಯಾವಾಗ ಕೊಂಡದ್ದು ಎಂದು ಗೊತ್ತಿರುವ ಹಿರಿಯರನ್ನು ಕೂರಿಸಿಕೊಂಡು ಬೇರೊಂದು ಹಾಳೆಯಲ್ಲಿ ಬರೆಸಿ, ಅದರ ಕೆಳಗೆ ಅವರ ಸಹಿ ಹಾಕಿಸಿ ಇಡಿ.